ಮಾತ್ರೆ ನುಂಗಿ ಬರಬೇಕೇ, ಬಿಟ್ಟು ಬರಬೇಕೇ? ಶುಗರ್, ಥೈರಾಯ್ಡ್ ಪರೀಕ್ಷೆಗೆ ಹೊರಟವರಿಗೊಂದು ಕೈಪಿಡಿ

ದಾವಣಗೆರೆಯ ನಮ್ಮ ರಕ್ತ ಪರೀಕ್ಷಾ ಕೇಂದ್ರದ ಬಾಗಿಲನ್ನು ಬೆಳಿಗ್ಗೆ ಆರೂವರೆಗೆ ತೆರೆಯುತ್ತೇವೆ. ಅಷ್ಟರಲ್ಲಾಗಲೇ ಜಗಳೂರು, ಚನ್ನಗಿರಿ ಕಡೆಯಿಂದ ಮೊದಲ ಬಸ್ಸು ಹಿಡಿದು ಬಂದವರು ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ಅವರಲ್ಲಿ ಒಬ್ಬಿಬ್ಬರನ್ನು ರಕ್ತ ತೆಗೆಯದೆ ಮರಳಿ ಕಳುಹಿಸುವುದು ನನಗೆ ದಿನವೂ ತಪ್ಪದ ಸಂಕಟ. ಒಬ್ಬರು ನಿಲ್ದಾಣದಲ್ಲಿ ಇಳಿದೊಡನೆ ಅರ್ಧ ಲೋಟ ಚಹಾ ಕುಡಿದಿರುತ್ತಾರೆ. ಇನ್ನೊಬ್ಬರು ಖಾಲಿ ಹೊಟ್ಟೆ ಎಂದರೆ ನೀರೂ ಕೂಡದು ಎಂದುಕೊಂಡು ಬಾಯಿ ಒಣಗಿಸಿಕೊಂಡು ಬಂದಿರುತ್ತಾರೆ. ರಕ್ತನಾಳ ಸಿಗದೆ ಎರಡು ಮೂರು ಸಲ ಚುಚ್ಚಬೇಕಾಗುತ್ತದೆ. ಮತ್ತೊಬ್ಬರು ರಿಪೋರ್ಟ್ ಚೆನ್ನಾಗಿ ಬರಲೆಂದು ಎರಡು ದಿನದಿಂದ ಅನ್ನವನ್ನೇ ಬಿಟ್ಟಿರುತ್ತಾರೆ.

ಎಲ್ಲರೂ ಕೇಳುವ ಪ್ರಶ್ನೆ ಮಾತ್ರ ಒಂದೇ: “ಅಕ್ಕಾ, ಮಾತ್ರೆ ನುಂಗಿ ಬರಬೇಕೇ, ಬಿಟ್ಟು ಬರಬೇಕೇ?” ಉತ್ತರ ಪರೀಕ್ಷೆಯಿಂದ ಪರೀಕ್ಷೆಗೆ, ಮಾತ್ರೆಯಿಂದ ಮಾತ್ರೆಗೆ ಬೇರೆಯಾಗುತ್ತದೆ. ಬಾಗಿಲಲ್ಲಿ ನಿಂತು ಅವಸರದಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ಲ್ಯಾಬ್ ಟೆಕ್ನೀಷಿಯನ್. ಔಷಧಿಯನ್ನು ಆರಿಸುವುದು, ಹೆಚ್ಚು ಕಡಿಮೆ ಮಾಡುವುದು ನಿಮ್ಮ ವೈದ್ಯರ ಕೆಲಸ. ಆದರೆ ಅವರು ಮಾತ್ರೆಯ ಪ್ರಮಾಣವನ್ನು ನಿರ್ಧರಿಸುವುದು ನಾವು ಬರೆದುಕೊಟ್ಟ ಅಂಕಿಯನ್ನು ನೋಡಿ. ನೀವು ರಕ್ತ ಕೊಟ್ಟ ರೀತಿ ತಪ್ಪಾಗಿದ್ದರೆ ಅಂಕಿ ತಪ್ಪುತ್ತದೆ, ಅಂಕಿ ತಪ್ಪಿದರೆ ಮಾತ್ರೆಯೂ ತಪ್ಪುತ್ತದೆ.

ಹಂತಗಳಿಗೆ ಹೋಗುವ ಮೊದಲು ಒಂದೆರಡು ಪದಗಳು. ನಮ್ಮ ದೇಹದ ಕೆಲವು ಗ್ರಂಥಿಗಳು ತಮ್ಮ ರಸವನ್ನು ಯಾವ ನಾಳದ ಹಂಗೂ ಇಲ್ಲದೆ ನೇರವಾಗಿ ರಕ್ತಕ್ಕೆ ಬಿಡುತ್ತವೆ. ಇವೇ ನಿರ್ನಾಳ ಗ್ರಂಥಿಗಳು; ಆ ರಸವೇ ಹಾರ್ಮೋನ್. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ ಇನ್ಸುಲಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಭದ್ರಾ ನಾಲೆಯ ಅಚ್ಚುಕಟ್ಟಿನವರಿಗೆ ಇದು ಬೇಗ ಅರ್ಥವಾಗುತ್ತದೆ: ನಾಲೆಯ ತುಂಬ ನೀರಿದ್ದರೂ ತೂಬು ಎತ್ತದೆ ಗದ್ದೆಗೆ ನೀರು ಹಾಯುವುದಿಲ್ಲ. ರಕ್ತದಲ್ಲಿರುವ ಸಕ್ಕರೆ ಜೀವಕೋಶದ ಒಳಗೆ ಹೋಗಲು ತೂಬು ಎತ್ತುವ ಕೈಯೇ ಇನ್ಸುಲಿನ್. ಎತ್ತುವ ಕೈಯೇ ಇಲ್ಲವಾದರೆ ಅದು ಟೈಪ್ 1 ಮಧುಮೇಹ. ಹೆಚ್ಚಾಗಿ ಮಕ್ಕಳು ಮತ್ತು ಹರೆಯದವರಲ್ಲಿ ಶುರುವಾಗುತ್ತದೆ. ಕೈ ಇದ್ದೂ ತೂಬು ತುಕ್ಕು ಹಿಡಿದು ಬಿಗಿಯಾದರೆ, ಎತ್ತಿ ಎತ್ತಿ ಕೈಯೂ ಸೋತರೆ ಅದು ಟೈಪ್ 2. ನಮ್ಮಲ್ಲಿ ‘ಶುಗರ್ ಇದೆ’ ಎನ್ನುವ ಬಹುಪಾಲು ಜನರಿಗೆ ಇರುವುದು ಎರಡನೆಯದು.

ಥೈರಾಯ್ಡ್ ಇರುವುದು ಗಂಟಲಿನ ಮುಂಭಾಗದಲ್ಲಿ. ದೇಹದ ಎಲ್ಲ ಕೆಲಸಗಳ ವೇಗವನ್ನು ಅದರ ಹಾರ್ಮೋನ್ ನಿರ್ಧರಿಸುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದಕ್ಕೆ ಮೇಸ್ತ್ರಿ. ಆ ಮೇಸ್ತ್ರಿಯ ಕೂಗೇ ಟಿಎಸ್‌ಎಚ್. ಕೆಲಸಗಾರ ನಿಧಾನವಾದರೆ ಮೇಸ್ತ್ರಿ ಜೋರಾಗಿ ಕೂಗುತ್ತಾನೆ. ಹಾಗಾಗಿ ಟಿಎಸ್‌ಎಚ್ ಹೆಚ್ಚಾಗಿದೆ ಎಂದರೆ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ ಎಂದರ್ಥ. ರಿಪೋರ್ಟಿನಲ್ಲಿ ಅಂಕಿ ಹೆಚ್ಚಿರುವುದನ್ನು ನೋಡಿ “ನನಗೆ ಥೈರಾಯ್ಡ್ ಜಾಸ್ತಿಯಾಗಿದೆ” ಎಂದು ತಾವೇ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ಅವರಿಗೆ ಬೇಕಾಗಿದ್ದುದು ಇನ್ನಷ್ಟು ಮಾತ್ರೆ.

1. ಪರೀಕ್ಷೆ ಬೇಕೇ ಎಂದು ನೋಡಿಕೊಳ್ಳಿ

ಮೂವತ್ತು ವರ್ಷ ದಾಟಿದ ಎಲ್ಲರೂ ಶುಗರ್ ಮತ್ತು ಬಿಪಿ ನೋಡಿಸಿಕೊಳ್ಳಬೇಕು. ತೊಂದರೆಯ ಸುಳಿವು ಇಲ್ಲದಿದ್ದರೂ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಹಣ ಕೊಡಬೇಕಿಲ್ಲ. ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್ ಎಂಬ ಕೊಠಡಿ ಇರುತ್ತದೆ. ಎನ್‌ಸಿಡಿ ಎಂದರೆ ಅಂಟದ ಕಾಯಿಲೆಗಳು. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಾಗ “ನಮಗೇನೂ ಇಲ್ಲ, ಮುಂದಿನ ಮನೆಗೆ ಹೋಗಿ” ಎನ್ನಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ರಾಷ್ಟ್ರೀಯ ಸಮೀಕ್ಷೆಯ ವರದಿ 2023ರಲ್ಲಿ ಹೊರಬಂದಾಗ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂಬ ಅಂದಾಜು ಸಿಕ್ಕಿತು. ಹೊಸ್ತಿಲಲ್ಲಿರುವವರಿಗೆ ಯಾವ ನೋವೂ ಇರುವುದಿಲ್ಲ.

ತಂದೆ, ತಾಯಿ, ಒಡಹುಟ್ಟಿದವರಿಗೆ ಶುಗರ್ ಇದ್ದರೆ, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ, ಬಸಿರಿನಲ್ಲಿ ಶುಗರ್ ಬಂದು ಹೋಗಿದ್ದರೆ ಮೂವತ್ತರವರೆಗೂ ಕಾಯಬೇಡಿ. ಕತ್ತಿನ ಹಿಂಭಾಗದ ಚರ್ಮ ದಪ್ಪವಾಗಿ, ಮಖಮಲ್ಲಿನಂತೆ ಕಪ್ಪಾಗುವುದು ಇನ್ನೊಂದು ಸುಳಿವು. ಅದನ್ನು ಕೊಳೆಯೆಂದುಕೊಂಡು ತಾಯಂದಿರು ಮಕ್ಕಳ ಕತ್ತನ್ನು ತಿಕ್ಕಿ ಕೆಂಪು ಮಾಡುತ್ತಾರೆ. ತಿಕ್ಕಿದರೆ ಹೋಗುವುದಿಲ್ಲ, ದೇಹಕ್ಕೆ ಇನ್ಸುಲಿನ್ ನಾಟುತ್ತಿಲ್ಲ ಎಂದು ಚರ್ಮ ಹೇಳುತ್ತಿದೆ.

ಪದೇ ಪದೇ ಮೂತ್ರ, ತೀರದ ಬಾಯಾರಿಕೆ, ಕಾರಣವಿಲ್ಲದೆ ಇಳಿಯುವ ತೂಕ, ಮಾಯದ ಗಾಯ, ಗುಪ್ತಾಂಗದ ತುರಿಕೆ, ಮಂಜಾದ ನೋಟ: ಇವು ಶುಗರಿನ ಲಕ್ಷಣಗಳು. ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು, ಮುಖದ ಊತ, ಕೂದಲು ಉದುರುವುದು, ಮುಟ್ಟಿನ ಏರುಪೇರು ಥೈರಾಯ್ಡ್ ಕಡಿಮೆಯಾದುದರ ಲಕ್ಷಣಗಳು. ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಎದೆ ಬಡಿತ, ಕೈ ನಡುಕ, ಬೆವರು ಅದು ಹೆಚ್ಚಾದುದರ ಲಕ್ಷಣಗಳು.

ಎಚ್ಚರಿಕೆ: ಮಗು ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆ ಮಾಡಲು ಶುರುಮಾಡಿ, ಬಹಳ ನೀರು ಕುಡಿದು, ಸೊರಗಿ, ವಾಂತಿ ಮಾಡಿಕೊಂಡು, ಏದುಸಿರು ಬಿಡುತ್ತಿದ್ದರೆ ಲ್ಯಾಬಿಗೆ ಬಂದು ಸರದಿಯಲ್ಲಿ ಕೂರಬೇಡಿ. ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, “ಶುಗರ್ ನೋಡಿ” ಎಂದು ಬಾಯಿಬಿಟ್ಟು ಕೇಳಿ. ಟೈಪ್ 1 ಮಧುಮೇಹದಲ್ಲಿ ಗಂಟೆಗಳ ಲೆಕ್ಕವಿರುತ್ತದೆ.

2. ಚೀಟಿಯಲ್ಲಿ ಏನು ಬರೆದಿದೆ ಎಂದು ಓದಿ

ಎಫ್‌ಬಿಎಸ್ ಎಂದರೆ ಖಾಲಿ ಹೊಟ್ಟೆಯ ಸಕ್ಕರೆ. ಪಿಪಿಬಿಎಸ್ ಎಂದರೆ ಊಟವಾದ ಎರಡು ಗಂಟೆಯ ನಂತರದ್ದು. ಆರ್‌ಬಿಎಸ್ ಎಂದರೆ ಯಾವ ಹೊತ್ತಿನಲ್ಲಾದರೂ ತೆಗೆಯುವುದು. ಎಚ್‌ಬಿಎ1ಸಿ ಎಂಬುದು ಕಳೆದ ಎರಡು ಮೂರು ತಿಂಗಳ ಸರಾಸರಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನವೂ ರಕ್ತದ ಸಕ್ಕರೆ ಅದಕ್ಕೆ ಅಂಟುತ್ತಾ ಹೋಗುತ್ತದೆ. ಆ ಅಂಟಿದ ಪಾಲನ್ನು ಅಳೆಯುತ್ತೇವೆ. ಎರಡು ದಿನ ಅನ್ನ ಬಿಟ್ಟು ಬಂದವರ ಖಾಲಿ ಹೊಟ್ಟೆಯ ಅಂಕಿ ಇಳಿದಿರಬಹುದು, ಎಚ್‌ಬಿಎ1ಸಿ ಇಳಿದಿರುವುದಿಲ್ಲ. ಅದಕ್ಕೆ ಉಪವಾಸವೂ ಬೇಕಿಲ್ಲ. ಜಿಟಿಟಿ ಎಂದರೆ 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರನ್ನು ಐದು ನಿಮಿಷದೊಳಗೆ ಕುಡಿದು, ಎರಡು ಗಂಟೆಯ ನಂತರ ರಕ್ತ ಕೊಡುವುದು. ಆ ಎರಡು ಗಂಟೆ ಮಾರುಕಟ್ಟೆ ಸುತ್ತದೆ, ಬೀಡಿ ಸಿಗರೇಟು ಸೇದದೆ ಕುಳಿತಿರಬೇಕು.

ಟಿಎಸ್‌ಎಚ್ ಪರೀಕ್ಷೆಗೆ ಖಾಲಿ ಹೊಟ್ಟೆ ಕಡ್ಡಾಯವಲ್ಲ. ಆದರೆ ಇದರ ಮಟ್ಟ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಕಳೆದ ಬಾರಿ ಬೆಳಿಗ್ಗೆ ಕೊಟ್ಟಿದ್ದರೆ ಈ ಬಾರಿಯೂ ಬೆಳಿಗ್ಗೆಯೇ ಕೊಡಿ, ಆಗಲೇ ಎರಡನ್ನೂ ಹೋಲಿಸಲು ಬರುತ್ತದೆ.

3. ಹಿಂದಿನ ರಾತ್ರಿ ಮತ್ತು ಆ ಬೆಳಗು

ಖಾಲಿ ಹೊಟ್ಟೆ ಎಂದರೆ ಕೊನೆಯ ತುತ್ತಿನಿಂದ ಕನಿಷ್ಠ ಎಂಟು ಗಂಟೆ. ರಾತ್ರಿ ಒಂಬತ್ತಕ್ಕೆ ಉಂಡರೆ ಬೆಳಿಗ್ಗೆ ಏಳಕ್ಕೆ ಸರಿಹೋಗುತ್ತದೆ. ಹದಿನೈದು ಹದಿನಾರು ಗಂಟೆ ಹಸಿದಿರುವುದರಿಂದ ರಿಪೋರ್ಟ್ ಇನ್ನಷ್ಟು ಸರಿಯಾಗುವುದಿಲ್ಲ. ಎಪಿಎಂಸಿಯಲ್ಲಿ ರಾತ್ರಿಯೆಲ್ಲ ಮೆಕ್ಕೆಜೋಳದ ಲೋಡು ಇಳಿಸುವವರು, ರಾತ್ರಿ ಪಾಳಿಯವರು ಗಮನಿಸಿ: ನಡುರಾತ್ರಿ ಎರಡಕ್ಕೆ ಬುತ್ತಿ ಬಿಚ್ಚಿದ್ದರೆ ಬೆಳಿಗ್ಗೆ ಏಳಕ್ಕೆ ಅದು ಖಾಲಿ ಹೊಟ್ಟೆಯಲ್ಲ. ಗಂಟೆ ಎಣಿಸಿ, ಹತ್ತರ ನಂತರ ಬನ್ನಿ.

ನೀರು ಕುಡಿಯಿರಿ. ಎರಡು ಲೋಟ ಕುಡಿದು ಬಂದರೆ ರಕ್ತನಾಳ ಚೆನ್ನಾಗಿ ಸಿಗುತ್ತದೆ, ನಿಮಗೆ ನೋವೂ ಕಡಿಮೆ. ಚಹಾ, ಕಾಫಿ, ಹಾಲು, ಎಳನೀರು, ಮಜ್ಜಿಗೆ, ಎಲೆ ಅಡಿಕೆ, ಗುಟ್ಕಾ ಯಾವುದೂ ಬೇಡ. ಸಕ್ಕರೆ ಹಾಕದ ಚಹಾ ನಡೆಯುತ್ತದಲ್ಲವೇ ಎನ್ನುತ್ತಾರೆ. ಅದರಲ್ಲಿ ಹಾಲಿದೆ, ಹಾಲಿನಲ್ಲಿಯೂ ಸಕ್ಕರೆಯ ಅಂಶವಿದೆ.

ಈಗ ಮಾತ್ರೆಯ ಪ್ರಶ್ನೆ. ಶುಗರ್ ಮಾತ್ರೆ, ಇನ್ಸುಲಿನ್: ಖಾಲಿ ಹೊಟ್ಟೆಯ ರಕ್ತ ಕೊಡುವ ಮುನ್ನ ಬೇಡ. ಮನೆಯಿಂದ ಮಾತ್ರೆ ಮತ್ತು ತಿಂಡಿ ಎರಡನ್ನೂ ಕಟ್ಟಿಕೊಂಡು ಬನ್ನಿ. ಮಾತ್ರೆ ನುಂಗಿ, ತಿನ್ನದೆ ಬಸ್ಸಿನಲ್ಲಿ ಎರಡು ಗಂಟೆ ಕುಳಿತು ಬಂದವರೊಬ್ಬರು ನಮ್ಮ ಬಾಗಿಲಲ್ಲೇ ಬೆವತು ಕುಸಿದದ್ದನ್ನು ನೋಡಿದ ಮೇಲೆ ಇದನ್ನು ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳುತ್ತೇನೆ. ಬಿಪಿ ಮಾತ್ರೆ: ಎಂದಿನಂತೆ ನೀರಿನಲ್ಲಿ ನುಂಗಿ. ಥೈರಾಯ್ಡ್ ಮಾತ್ರೆ: ರಕ್ತ ಕೊಟ್ಟ ಮೇಲೆ. ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಥೈರಾಯ್ಡ್ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ. ಅದು ಯಂತ್ರದ ಲೆಕ್ಕವನ್ನೇ ಕೆಡಿಸಿ ಇಲ್ಲದ ಕಾಯಿಲೆಯನ್ನು ತೋರಿಸಬಲ್ಲದು.

4. ಊಟದ ನಂತರದ ರಕ್ತ

ಹೆಚ್ಚು ತಪ್ಪುಗಳು ಆಗುವುದು ಇಲ್ಲಿ. ಖಾಲಿ ಹೊಟ್ಟೆಯ ರಕ್ತ ಕೊಟ್ಟಾದ ಮೇಲೆ ವೈದ್ಯರು ಹೇಳಿದ ಮಾತ್ರೆಯನ್ನು ತೆಗೆದುಕೊಂಡು ತಿಂಡಿ ತಿನ್ನಬೇಕು. ಮಾತ್ರೆ ಬಿಟ್ಟು ತಿಂದರೆ ಔಷಧಿ ಕೆಲಸ ಮಾಡುತ್ತಿದೆಯೇ ಎಂಬುದು ಗೊತ್ತಾಗುವುದೇ ಇಲ್ಲ. ಹೊಸದಾಗಿ ಪರೀಕ್ಷೆಗೆ ಬಂದವರಿಗೆ, ಇನ್ನೂ ಮಾತ್ರೆ ಶುರುವಾಗದವರಿಗೆ ಇದು ಅನ್ವಯಿಸದು.

ಏನು ತಿನ್ನಬೇಕು? ಮನೆಯಲ್ಲಿ ದಿನವೂ ತಿನ್ನುವುದನ್ನೇ, ಅಷ್ಟೇ ತಿನ್ನಿ. ಹೇಗೂ ಊರಿಗೆ ಬಂದಿದ್ದೇವೆ ಎಂದು ಆ ದಿನ ಮಾತ್ರ ಎರಡು ಬೆಣ್ಣೆ ದೋಸೆ ತಿಂದು ಬಂದರೆ ಅದು ಬೆಣ್ಣೆ ದೋಸೆಯ ರಿಪೋರ್ಟ್ ಆಗುತ್ತದೆ. ಹೆದರಿ ಅರ್ಧ ಇಡ್ಲಿ ತಿಂದರೆ ಅದೂ ನಿಮ್ಮ ನಿತ್ಯದ ರಿಪೋರ್ಟ್ ಅಲ್ಲ. ದಿನವೂ ನೀವು ದೋಸೆಯನ್ನೇ ತಿನ್ನುವವರಾದರೆ ಅಂದೂ ದೋಸೆಯನ್ನೇ ತಿನ್ನಿ. ವೈದ್ಯರು ನೋಡಬೇಕಾದುದು ನಿಮ್ಮ ನಿಜವಾದ ದಿನವನ್ನು.

ಎರಡು ಗಂಟೆಯ ಲೆಕ್ಕ ಮೊದಲ ತುತ್ತಿನಿಂದ ಶುರುವಾಗುತ್ತದೆ, ಕೈ ತೊಳೆದ ಮೇಲಿನಿಂದಲ್ಲ. ಮೊದಲ ತುತ್ತಿಗೆ ಮೊಬೈಲಿನಲ್ಲಿ ಅಲಾರಂ ಇಟ್ಟುಬಿಡಿ. ನಡುವೆ ನೀರಿನ ಹೊರತು ಬೇರೇನೂ ಬೇಡ.

5. ಸೂಜಿ ಚುಚ್ಚುವಾಗ ಕಣ್ಣು ಮುಚ್ಚಬೇಡಿ

ನಳಿಕೆಯ ಮುಚ್ಚಳದ ಬಣ್ಣ ನೋಡಿ. ಸಕ್ಕರೆಗೆ ಬೂದು ಬಣ್ಣ, ಎಚ್‌ಬಿಎ1ಸಿಗೆ ತಿಳಿನೇರಳೆ, ಥೈರಾಯ್ಡ್‌ಗೆ ಸಾಮಾನ್ಯವಾಗಿ ಕೆಂಪು ಅಥವಾ ಹಳದಿ. ಬೂದು ಮುಚ್ಚಳದ ನಳಿಕೆಯಲ್ಲಿ ಫ್ಲೋರೈಡ್ ಪುಡಿ ಇರುತ್ತದೆ. ಜಗಳೂರು ಕಡೆಯ ಕೊಳವೆಬಾವಿಗಳಲ್ಲಿ ಹಲ್ಲು, ಮೂಳೆ ಕೆಡಿಸುವ ಅದೇ ಫ್ಲೋರೈಡ್ ಇಲ್ಲಿ ಉಪಕಾರ ಮಾಡುತ್ತದೆ. ನಳಿಕೆಯೊಳಗಿನ ರಕ್ತಕಣಗಳು ಬದುಕಿದ್ದಷ್ಟು ಹೊತ್ತೂ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಸಾದಾ ನಳಿಕೆಯಲ್ಲಿಟ್ಟರೆ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಇಳಿಯುತ್ತದೆ. ಫ್ಲೋರೈಡ್ ಅದಕ್ಕೆ ತಡೆ. ಹಳ್ಳಿಯಲ್ಲಿ ರಕ್ತ ತೆಗೆದು ಊರಿನ ಲ್ಯಾಬಿಗೆ ಕಳುಹಿಸುವ ಕಡೆ ಇದನ್ನು ಕೇಳುವ ಹಕ್ಕು ನಿಮಗಿದೆ. ನಳಿಕೆಯ ಮೇಲೆ ನಿಮ್ಮ ಹೆಸರನ್ನು ನಿಮ್ಮ ಎದುರೇ ಬರೆಸಿ.

ಮನೆಯಲ್ಲಿ ಗ್ಲೂಕೋಮೀಟರ್ ಇರುವವರು ಬೆರಳು ಚುಚ್ಚುವ ಮುನ್ನ ಸೋಪಿನಲ್ಲಿ ಕೈ ತೊಳೆದು ಒಣಗಿಸಿ. ಮಾವಿನ ಹಣ್ಣು ಹೆಚ್ಚಿದ ಕೈಯಲ್ಲಿ ಚುಚ್ಚಿದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಪಟ್ಟಿಗಳ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ಅವಧಿಯ ದಿನಾಂಕ ನೋಡಿ. ಕಾಯಿಲೆ ಇದೆಯೋ ಇಲ್ಲವೋ ಎಂಬ ತೀರ್ಮಾನಕ್ಕೆ ಮಾತ್ರ ರಕ್ತನಾಳದಿಂದ ತೆಗೆದು ಲ್ಯಾಬಿನಲ್ಲಿ ಮಾಡಿದ ಪರೀಕ್ಷೆಯೇ ಬೇಕು.

6. ಅಂಕಿಗಳನ್ನು ಓದುವುದು

ಖಾಲಿ ಹೊಟ್ಟೆಯಲ್ಲಿ 100 ಮಿ.ಗ್ರಾಂ. ಒಳಗಿದ್ದರೆ ಸಹಜ, 100ರಿಂದ 125 ಹೊಸ್ತಿಲು, 126 ಮತ್ತು ಮೇಲೆ ಮಧುಮೇಹ. ಗ್ಲೂಕೋಸ್ ಕುಡಿದ ಎರಡು ಗಂಟೆಗೆ 140ರ ಒಳಗೆ ಸಹಜ, 140ರಿಂದ 199 ಹೊಸ್ತಿಲು, 200 ಮತ್ತು ಮೇಲೆ ಮಧುಮೇಹ. ಎಚ್‌ಬಿಎ1ಸಿ 5.7ರ ಒಳಗೆ ಸಹಜ, 5.7ರಿಂದ 6.4 ಹೊಸ್ತಿಲು, 6.5 ಮತ್ತು ಮೇಲೆ ಮಧುಮೇಹ.

ಲಕ್ಷಣಗಳೇ ಇಲ್ಲದವರಿಗೆ ಒಂದು ಸಲದ ಅಂಕಿಯ ಮೇಲೆ ಕಾಯಿಲೆಯ ಮುದ್ರೆ ಒತ್ತುವುದಿಲ್ಲ. ಎರಡನೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. 128 ಎಂದು ಬಂದ ರಿಪೋರ್ಟನ್ನು ಕೈಯಲ್ಲಿ ಹಿಡಿದು ಅತ್ತ ಹೆಣ್ಣುಮಗಳಿಗೂ ಇದನ್ನೇ ಹೇಳಿದ್ದೆ. ರಕ್ತಹೀನತೆ ಇರುವವರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ. ಕಬ್ಬಿಣದ ಅಂಶ ಕಡಿಮೆಯಾಗಿ ಬಂದ ರಕ್ತಹೀನತೆಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೂ ಅದು ನಂಬಲರ್ಹವಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದರೆ ಈ ಮಾತನ್ನು ಬಿಡುವಂತೆಯೇ ಇಲ್ಲ.

ಮಧುಮೇಹ ಇರುವವರಿಗೆ ಎಚ್‌ಬಿಎ1ಸಿ 7ರ ಒಳಗಿರಲಿ ಎಂಬುದು ಸಾಮಾನ್ಯ ಗುರಿ. ವಯಸ್ಸಾದವರಿಗೆ, ಹೃದಯ, ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರು ಈ ಗುರಿಯನ್ನು ಸಡಿಲಿಸುತ್ತಾರೆ. ಎಂಬತ್ತರ ಅಜ್ಜನ ಅಂಕಿಯನ್ನು ನಲವತ್ತರ ಮಗನ ಅಂಕಿಗೆ ಇಳಿಸಲು ಹೋಗುವುದು ಅಪಾಯ.

ಟಿಎಸ್‌ಎಚ್ ಸಹಜ ಮಟ್ಟ ಸುಮಾರು 0.4ರಿಂದ 4ರವರೆಗೆ, ಲ್ಯಾಬಿನಿಂದ ಲ್ಯಾಬಿಗೆ ತುಸು ವ್ಯತ್ಯಾಸವಿರುವುದರಿಂದ ರಿಪೋರ್ಟಿನ ಬದಿಯಲ್ಲಿರುವ ಮಿತಿಯನ್ನೇ ನೋಡಿ. ಬಸುರಿಯರಿಗೆ ಮಿತಿ ಬೇರೆ.

7. ಥೈರಾಯ್ಡ್ ಮಾತ್ರೆ ನುಂಗುವ ಕ್ರಮ

ಥೈರಾಯ್ಡ್ ಕಡಿಮೆಯಾದವರಿಗೆ ಕೊಡುವ ಮಾತ್ರೆಯ ಹೆಸರು ಲೆವೊಥೈರಾಕ್ಸಿನ್. ದೇಹ ತಯಾರಿಸಬೇಕಾದ ಹಾರ್ಮೋನನ್ನೇ ಹೊರಗಿನಿಂದ ಕೊಡುವುದು, ಅಷ್ಟೇ. ಎದ್ದೊಡನೆ, ಬರಿ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು. ನಮ್ಮವರು ಮಾತ್ರೆ ಬಾಯಿಗೆ ಹಾಕಿಕೊಂಡು ಅದರ ಹಿಂದೆಯೇ ಬಿಸಿ ಕಾಫಿ ಕುಡಿಯುತ್ತಾರೆ. ಕಾಫಿ, ಹಾಲು ಆ ಮಾತ್ರೆಯನ್ನು ಕರುಳು ಹೀರದಂತೆ ತಡೆಯುತ್ತವೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಂತೂ ಇನ್ನೂ ಹೆಚ್ಚು. ಅವುಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಬೇಕು. ಬಸುರಿಯರಿಗೆ ಮೂರೂ ಮಾತ್ರೆಗಳನ್ನು ಬರೆದುಕೊಟ್ಟಿರುತ್ತಾರೆ, ಮನೆಯ ಹಿರಿಯರು ಮರೆಯದಿರಲೆಂದು ಮೂರನ್ನೂ ಒಟ್ಟಿಗೆ ಅಂಗೈಗೆ ಹಾಕುತ್ತಾರೆ. ಮುಂದಿನ ರಿಪೋರ್ಟಿನಲ್ಲಿ ಟಿಎಸ್‌ಎಚ್ ಇಳಿಯದೆ ಮಾತ್ರೆಯ ಪ್ರಮಾಣ ಏರುತ್ತದೆ. ತಪ್ಪು ಇದ್ದದ್ದು ಅಂಗೈಯಲ್ಲಿ.

ಪ್ರಮಾಣ ಬದಲಾದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಪರೀಕ್ಷೆ ಮಾಡಿಸಿ. ಹತ್ತು ದಿನಕ್ಕೇ ಬಂದರೆ ಹಣ ದಂಡ. ಡಬ್ಬಿಯನ್ನು ಕಿಟಕಿಯ ಬಿಸಿಲಿಗೆ, ಒಲೆಯ ಪಕ್ಕಕ್ಕೆ ಇಡಬೇಡಿ. ರಿಪೋರ್ಟ್ ಸಹಜವಾಯಿತೆಂದು ನಿಲ್ಲಿಸಬೇಡಿ; ಸಹಜವಾಗಿರುವುದು ಮಾತ್ರೆಯಿಂದ. ಬಸುರಾಗಿದ್ದೀರೆಂದು ಗೊತ್ತಾದ ದಿನವೇ ವೈದ್ಯರನ್ನು ಕಾಣಿ, ಆಗ ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸಬೇಕಾಗುತ್ತದೆ.

ಉಪ್ಪಿನ ಬಗ್ಗೆಯೂ ಕೇಳುತ್ತಾರೆ. ಅಯೋಡಿನ್ ಕೊರತೆಯಿಂದ ಬರುವ ಗಳಗಂಡವನ್ನು ತಡೆಯಲು ಕೇಂದ್ರ ಸರ್ಕಾರ 1962ರಲ್ಲೇ ಕಾರ್ಯಕ್ರಮ ಶುರುಮಾಡಿತು, ಅದರಿಂದ ಅಯೋಡಿನ್ ಉಪ್ಪು ಮನೆಮನೆಗೆ ಬಂತು. ಅದನ್ನೇ ಬಳಸಿ, ಮುಚ್ಚಿಡಿ. ಆದರೆ ಇಂದು ಕಾಣುವ ಬಹುಪಾಲು ಥೈರಾಯ್ಡ್ ಕೊರತೆಗೆ ಕಾರಣ ದೇಹದ ರಕ್ಷಣಾ ಪಡೆಯೇ ಗ್ರಂಥಿಯ ಮೇಲೆ ತಿರುಗಿ ಬೀಳುವುದು. ಹೆಚ್ಚು ಉಪ್ಪು ತಿಂದರೆ ಅದು ವಾಸಿಯಾಗದು, ಬಿಪಿ ಏರುತ್ತದೆ.

ಥೈರಾಯ್ಡ್ ಹೆಚ್ಚಾದವರಿಗೆ ಕಾರ್ಬಿಮಜೋಲ್ ಕೊಡುತ್ತಾರೆ. ಅದನ್ನು ತಿನ್ನುವಾಗ ಜ್ವರ, ಗಂಟಲು ನೋವು ಬಂದರೆ ಕಷಾಯ ಕುಡಿದು ಮಲಗಬೇಡಿ. ಅಂದೇ ವೈದ್ಯರಿಗೆ ತಿಳಿಸಿ ಬಿಳಿ ರಕ್ತಕಣಗಳ ಎಣಿಕೆ ಮಾಡಿಸಿ.

8. ಶುಗರ್ ಮಾತ್ರೆ, ಇನ್ಸುಲಿನ್ ಮತ್ತು ಶುಗರ್ ಇಳಿದಾಗ

ಮೆಟ್‌ಫಾರ್ಮಿನ್ ಊಟದ ಜೊತೆ ಅಥವಾ ಊಟವಾದೊಡನೆ. ಮೊದಲ ವಾರಗಳಲ್ಲಿ ಹೊಟ್ಟೆ ಕೆಡುವುದು ಸಾಮಾನ್ಯ, ಕ್ರಮೇಣ ಸರಿಹೋಗುತ್ತದೆ. ವರ್ಷಗಟ್ಟಲೆ ತಿಂದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಅಂಗಾಲು ಉರಿ ಇದ್ದರೆ ಅದನ್ನೂ ಪರೀಕ್ಷಿಸಲು ಕೇಳಿ. ಗ್ಲಿಮೆಪಿರೈಡ್ ಜಾತಿಯ ಮಾತ್ರೆ ನುಂಗಿದ ಮೇಲೆ ಊಟ ತಪ್ಪಿಸುವಂತಿಲ್ಲ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡುವವರು ಹಬ್ಬಕ್ಕೆ ಕೆಲವು ವಾರ ಮೊದಲೇ ವೈದ್ಯರೊಡನೆ ಮಾತನಾಡಿ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಿ.

ಶುಗರ್ 70ಕ್ಕಿಂತ ಇಳಿದರೆ ಬೆವರು, ನಡುಕ, ಎದೆ ಬಡಿತ, ವಿಪರೀತ ಹಸಿವು, ತಡವರಿಸುವ ಮಾತು, ಕಾರಣವಿಲ್ಲದ ಸಿಟ್ಟು ಕಾಣಿಸಿಕೊಳ್ಳುತ್ತವೆ. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ತಕ್ಷಣ ಕುಡಿಸಿ. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೆ ಅಷ್ಟೇ ಕುಡಿಸಿ, ನಂತರ ಊಟ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಉಸಿರಾಟದ ನಾಳಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ. ಮಾತ್ರೆಯಿಂದ ಶುಗರ್ ಇಳಿದ ವೃದ್ಧರು ಒಮ್ಮೆ ಚೇತರಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ, ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಬಹುದು.

ಇನ್ಸುಲಿನ್ ಚುಚ್ಚಿಕೊಳ್ಳುವವರು ಸೀಸೆ ಮತ್ತು ಸಿರಿಂಜ್ ಜೋಡಿಯನ್ನು ನೋಡಲೇಬೇಕು. ಸೀಸೆಯ ಮೇಲೆ 40 ಎಂದಿದ್ದರೆ ಕೆಂಪು ಮುಚ್ಚಳದ ಸಿರಿಂಜ್, 100 ಎಂದಿದ್ದರೆ ಕಿತ್ತಳೆ ಮುಚ್ಚಳದ್ದು. 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಹತ್ತರ ಗೆರೆಗೆ ಇಪ್ಪತ್ತೈದು ಯೂನಿಟ್ ದೇಹ ಸೇರುತ್ತದೆ. ಅಂಗಡಿಯಲ್ಲಿ ಬೇರೆ ಸೀಸೆ ಕೊಟ್ಟರೆ ಅಲ್ಲಿಯೇ ನಿಂತು ಕೇಳಿ. ಚುಚ್ಚುವ ಜಾಗವನ್ನು ಬದಲಿಸುತ್ತಿರಿ. ಒಂದೇ ಕಡೆ ಚುಚ್ಚಿದರೆ ಚರ್ಮ ಗಂಟುಗಟ್ಟಿ ಔಷಧಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ತೆರೆಯದ ಸೀಸೆ ಫ್ರಿಜ್ಜಿನ ಬಾಗಿಲಲ್ಲಿರಲಿ, ಮಂಜುಗಡ್ಡೆಯ ಖಾನೆಯಲ್ಲಿ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕಿಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ, ನಮ್ಮ ಏಪ್ರಿಲ್ ಮೇ ಬಿಸಿಲಿನಲ್ಲಿ ಹೀಗೆ ಮಾಡಿ: ದೊಡ್ಡ ಮಣ್ಣಿನ ಮಡಕೆಗೆ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಮಡಕೆ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಸೀಸೆಯನ್ನು ಅದರಲ್ಲಿರಿಸಿ ಒದ್ದೆ ಬಟ್ಟೆ ಮುಚ್ಚಿ. ಮರಳು ಆರದಂತೆ ನೀರು ಚಿಮುಕಿಸುತ್ತಿರಿ. ತೆರೆದ ಸೀಸೆಯ ಮೇಲೆ ತೆರೆದ ದಿನಾಂಕ ಬರೆದು ನಾಲ್ಕು ವಾರಕ್ಕೆ ಬದಲಿಸಿ.

ಹಿತ್ತಲಿನ ಇನ್ಸುಲಿನ್ ಗಿಡದ ಎಲೆ, ಹಾಗಲಕಾಯಿ ರಸ, ಮೆಂತ್ಯ ನೆನೆಸಿದ ನೀರು ನಂಬಿ ಚುಚ್ಚುಮದ್ದು ನಿಲ್ಲಿಸಬೇಡಿ. ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಟೊರಾಂಟೊದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸುವ ಮೊದಲು ಇಂಥ ಮಕ್ಕಳು ಬದುಕುತ್ತಲೇ ಇರಲಿಲ್ಲ. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14 ಈಗ ವಿಶ್ವ ಮಧುಮೇಹ ದಿನ; ನಮ್ಮಲ್ಲಿ ಅದೇ ದಿನ ಮಕ್ಕಳ ದಿನಾಚರಣೆಯೂ ಹೌದು.

9. ತಟ್ಟೆಯಲ್ಲಿ ಏನಿರಲಿ

ಚಿತ್ರದುರ್ಗದ ಕಡೆಯವರು ಅನ್ನ ಬಿಟ್ಟು ಮುದ್ದೆ ಉಣ್ಣುತ್ತೇವೆ, ಆದರೂ ಶುಗರ್ ಇಳಿಯುತ್ತಿಲ್ಲ ಎನ್ನುತ್ತಾರೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ನಿಜ. ಆದರೆ ನುಣ್ಣನೆಯ ಹಿಟ್ಟಿನ ಮುದ್ದೆಯೂ ಪಿಷ್ಟವೇ. ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ಒಂದು ಚಿಕ್ಕ ಮುದ್ದೆ ಅಥವಾ ಎರಡು ಜೋಳದ ರೊಟ್ಟಿ, ಅದರ ಜೊತೆ ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ, ಕಾಲು ಭಾಗ ಹೆಸರುಕಾಳು, ಹುರುಳಿ, ಅಲಸಂದೆ ಅಥವಾ ಮೊಟ್ಟೆ. ಸಂಜೆಯ ಮಂಡಕ್ಕಿ ಹಗುರ ಎನ್ನಿಸುತ್ತದೆ, ಆದರೆ ಅರಳಿದ ಅಕ್ಕಿ ಬೇಗ ಸಕ್ಕರೆಯಾಗುತ್ತದೆ. ತಿನ್ನಲೇಬೇಕೆಂದರೆ ಒಂದು ಹಿಡಿಗೆ ಅಷ್ಟೇ ಹುರಿದ ಶೇಂಗಾ, ಈರುಳ್ಳಿ, ಸೌತೆಕಾಯಿ ಬೆರೆಸಿ. ಬೆಲ್ಲ, ಜೇನು ರಕ್ತಕ್ಕೆ ಸಕ್ಕರೆಯೇ.

ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಕುಂದುವಾಡ ಕೆರೆಯ ದಂಡೆಯ ಮೇಲೆ ಬೆಳಿಗ್ಗೆ ನಡೆಯುವವರಲ್ಲಿ ನಮ್ಮ ಕೇಂದ್ರಕ್ಕೆ ಬರುವ ಎಷ್ಟೋ ಮುಖಗಳಿವೆ, ನೋಡಿದರೆ ಮನಸ್ಸು ತುಂಬುತ್ತದೆ.

10. ಹೆಣ್ಣುಮಕ್ಕಳು, ಬಸುರಿಯರು, ಹಸುಗೂಸುಗಳು

ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ಗಲ್ಲದ ಮೇಲೆ ಗಡುಸು ಕೂದಲು, ಹೋಗದ ಮೊಡವೆ ಇದ್ದರೆ ಪಿಸಿಒಎಸ್ ಇರಬಹುದು. ಅಂಡಾಶಯದಲ್ಲಿ ಗಂಡು ಹಾರ್ಮೋನಿನ ಪ್ರಮಾಣ ಏರಿ, ಅಂಡ ಬಿಡುಗಡೆ ತಪ್ಪುವ ತೊಂದರೆ ಇದು. ಹದಿನಾರರ ಹುಡುಗಿಯ ಸ್ಕ್ಯಾನಿನಲ್ಲಿ ನೀರ್ಗುಳ್ಳೆಗಳು ಕಂಡ ಮಾತ್ರಕ್ಕೆ ಕಾಯಿಲೆ ಎನ್ನಲಾಗದು. ಮೈನೆರೆದ ಮೊದಲ ವರ್ಷಗಳಲ್ಲಿ ಅದು ಸಹಜ. ಥೈರಾಯ್ಡ್, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಸರಿಯಿದೆಯೇ ಎಂದು ಮೊದಲು ನೋಡಬೇಕು. ತೂಕ ಹೆಚ್ಚಿರುವವರು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೂ ಅನೇಕರಲ್ಲಿ ಮುಟ್ಟು ಹಾದಿಗೆ ಬರುತ್ತದೆ. “ಮದುವೆಯಾದರೆ ಸರಿಹೋಗುತ್ತದೆ” ಎಂದು ಮುಂದೂಡಬೇಡಿ, ಇವರಿಗೆ ಮುಂದೆ ಶುಗರ್ ಬರುವ ಸಂಭವ ಹೆಚ್ಚು.

ಬಸುರಿಯರಿಗೆ ಮೊದಲ ಭೇಟಿಯಲ್ಲೇ ಒಮ್ಮೆ, 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ ಗ್ಲೂಕೋಸ್ ಪರೀಕ್ಷೆ ಆಗಬೇಕು. ಸರ್ಕಾರಿ ಕ್ರಮದಲ್ಲಿ ಊಟ ಮಾಡಿದ್ದರೂ ಸರಿಯೇ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ರಕ್ತ ನೋಡುತ್ತಾರೆ. 140 ಅಥವಾ ಮೇಲಿದ್ದರೆ ಬಸಿರಿನ ಶುಗರ್. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಬೇರೆ ದಿನ ಮಾಡಿಸಿ. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಇದೆ. ಬಾಣಂತನದ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ.

ಮಗು ಹುಟ್ಟಿದ ಮೂರರಿಂದ ಐದು ದಿನದೊಳಗೆ ಹಿಮ್ಮಡಿಯ ಒಂದು ಹನಿ ರಕ್ತದಲ್ಲಿ ಟಿಎಸ್‌ಎಚ್ ನೋಡಿಸಿ. ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುತ್ತದೆ. ನೋಡಲು ಮಗು ಆರೋಗ್ಯವಾಗಿಯೇ ಕಾಣುತ್ತದೆ. ಮೊದಲ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಬುದ್ಧಿ ಬೆಳವಣಿಗೆ ಎಲ್ಲರಂತೆಯೇ ಆಗುತ್ತದೆ, ತಿಂಗಳುಗಳು ಕಳೆದರೆ ಕಳೆದುಕೊಂಡದ್ದು ಮರಳುವುದಿಲ್ಲ. ಆಸ್ಪತ್ರೆಯವರು ತಾವಾಗಿ ಹೇಳದಿದ್ದರೂ ನೀವೇ ಕೇಳಿ.

11. ಮಂಡಿನೋವಿನ ಪುಡಿಯ ಬಗ್ಗೆ

ಸಂತೆಯಲ್ಲಿ, ಊರೂರು ತಿರುಗುವವರ ಕೈಯಲ್ಲಿ ಸಿಗುವ ಹೆಸರಿಲ್ಲದ ಮಾತ್ರೆ, ಪುಡಿಗಳಿಂದ ಮಂಡಿನೋವು ಎರಡೇ ದಿನದಲ್ಲಿ ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಮೂತ್ರಪಿಂಡದ ತಲೆಯ ಮೇಲೆ ಕುಳಿತ ಅಡ್ರಿನಲ್ ಗ್ರಂಥಿ ತಯಾರಿಸುವ ಹಾರ್ಮೋನಿನ ಜಾತಿಯದು ಅದು. ತಿಂಗಳುಗಟ್ಟಲೆ ತಿಂದರೆ ಮುಖ ದುಂಡಗಾಗುತ್ತದೆ, ಹೊಟ್ಟೆಯ ಮೇಲೆ ನೇರಳೆ ಗೆರೆ ಏಳುತ್ತವೆ, ಶುಗರ್ ಏರುತ್ತದೆ, ಮೂಳೆ ಸವೆಯುತ್ತದೆ. ಇಲ್ಲಿ ಒಂದು ದೊಡ್ಡ ಎಚ್ಚರಿಕೆ: ಗೊತ್ತಾದೊಡನೆ ತಟಕ್ಕನೆ ನಿಲ್ಲಿಸಬೇಡಿ. ಹೊರಗಿನಿಂದ ಬರುತ್ತಿದ್ದುದರಿಂದ ನಿಮ್ಮ ಗ್ರಂಥಿ ನಿದ್ದೆಹೋಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೆ ಅಪಾಯ. ಪುಡಿಯ ಪೊಟ್ಟಣವನ್ನೇ ಹಿಡಿದುಕೊಂಡು ವೈದ್ಯರ ಬಳಿ ಹೋಗಿ. ನಾಚಿಕೆ ಬೇಡ.

12. ಒಂದು ಫೈಲ್

ಹಳೆಯ ರಿಪೋರ್ಟ್‌ಗಳನ್ನು ದಿನಾಂಕದ ಕ್ರಮದಲ್ಲಿ ಒಂದು ಫೈಲಿನಲ್ಲಿಡಿ. ಮೊದಲ ಹಾಳೆಯಲ್ಲಿ ನಿಮ್ಮ ಮಾತ್ರೆಗಳ ಹೆಸರು, ಪ್ರಮಾಣ, ನುಂಗುವ ಹೊತ್ತು ಬರೆಯಿರಿ. ಎಚ್‌ಬಿಎ1ಸಿ ಹಿಡಿತಕ್ಕೆ ಬರುವವರೆಗೆ ಮೂರು ತಿಂಗಳಿಗೊಮ್ಮೆ, ಬಂದ ಮೇಲೆ ಆರು ತಿಂಗಳಿಗೊಮ್ಮೆ. ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆಯ ಪರೀಕ್ಷೆ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆ, ರಕ್ತದಲ್ಲಿ ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್, ಕೊಬ್ಬಿನಾಂಶ, ಪಾದದ ಸ್ಪರ್ಶ ಪರೀಕ್ಷೆ.

ಪಾದವನ್ನಂತೂ ದಿನವೂ ನೀವೇ ನೋಡಿಕೊಳ್ಳಬೇಕು. ರಾತ್ರಿ ಮಲಗುವ ಮುನ್ನ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು, ಬೆರಳ ಸಂದುಗಳಲ್ಲಿ ಬಿರುಕು, ಗುಳ್ಳೆ, ಮುಳ್ಳು ಇದೆಯೇ ನೋಡಿ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಜಾಲಿಮುಳ್ಳು ಚುಚ್ಚಿದ್ದೂ ತಿಳಿಯದು. ಹೊಲಕ್ಕೆ ಬರಿಗಾಲಲ್ಲಿ ಇಳಿಯಬೇಡಿ. ನಾಯಕನಹಟ್ಟಿ ಜಾತ್ರೆಗೆ, ದುಗ್ಗಮ್ಮನ ಗುಡಿಗೆ ಬರಿಗಾಲಲ್ಲಿ ನಡೆಯುವ ಹರಕೆ ಹೊತ್ತಿದ್ದರೆ ಕಾದ ಟಾರು ರಸ್ತೆಯ ಮೇಲೆ ಅದನ್ನು ತೀರಿಸಲು ಹೋಗಬೇಡಿ. ಚಪ್ಪಲಿ ಮೆಟ್ಟಿ ನಡೆದು ಗುಡಿಯ ಬಾಗಿಲಲ್ಲಿ ಕಳಚಿ. ಪಾದದಲ್ಲಿ ಗಾಯ ಕಂಡರೆ ಅರಿಶಿನ ಮೆತ್ತಿ ಕಾಯದೆ ಮರುದಿನವೇ ಫೈಲನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೊರಡಿ.